ಹಕ್ಕಿಬಾಲದ ಸಹಿ

ನಮ್ಮ ಸಾಹೇಬರಿಗೆ ಸ್ವಂತ ಕೈ ಅಂತ ಎರಡಿದ್ದವು. ಆದರೆ ಅವುಗಳಿಂದ ಅವರು ಮಾಡುತ್ತಿದ್ದ ಕೆಲಸ ಮೂರೇ: ಕಾರಿನ ಕಿಟಕಿಯಿಂದ ಜನರತ್ತ ಬೀಸುವುದು, ಕ್ಯಾಮೆರಾ ಕಂಡಾಗ ಹತ್ತಿರದ ಮಗುವಿನ ತಲೆ ಸವರುವುದು, ಊಟದ ತಟ್ಟೆಗೆ ಇಳಿಸುವುದು. ಉಳಿದದ್ದಕ್ಕೆಲ್ಲ ಬೇರೆಯವರ ಕೈಗಳಿದ್ದವು. ಬಾಗಿಲು ತೆರೆಯಲು ಒಂದು ಕೈ, ಕನ್ನಡಕ ಒರೆಸಲು ಒಂದು, ಭಾಷಣ ಬರೆಯಲು ಇನ್ನೊಂದು. ಸಹಿ ಹಾಕಲು ನನ್ನದು.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಬ್ಬ ಸೋಮಾರಿ ರಾಜ ಬರುತ್ತಿದ್ದ. ಆಕಳಿಸಲು ಒಬ್ಬನನ್ನು ಇಟ್ಟುಕೊಂಡಿದ್ದ, ನಗಲು ಒಬ್ಬನನ್ನು, ಕಹಿ ಔಷಧಿ ಕುಡಿಯಲು ಒಬ್ಬನನ್ನು. ಕೊನೆಗೆ ರಾಣಿಯ ಜೊತೆ ಜಗಳವಾಡಲೂ ಒಬ್ಬನನ್ನು ನೇಮಿಸಿದ, ಆ ಕೆಲಸಕ್ಕೆ ಮಾತ್ರ ಯಾರೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಕಥೆಯ ಕೊನೆ ಏನು ಎಂದು ನನಗೆ ಖಾತ್ರಿಯಿರಲಿಲ್ಲ. ಯಾಕೆಂದರೆ ಅಜ್ಜಿ ಪ್ರತಿ ಸಲ ಬೇರೆ ಕೊನೆ ಹೇಳುತ್ತಿದ್ದಳು. ಕೇಳಿದರೆ, "ರಾಜರು ಒಂದೇ ಥರ ಹಾಳಾಗ್ತಾರಾ ಪುಟ್ಟೀ?" ಅನ್ನುತ್ತಿದ್ದಳು.

ಅಜ್ಜಿ ಮೂವತ್ತೊಂದು ವರ್ಷ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಆಸ್ಪತ್ರೆಯ ಹಿಂದೆ ತಗಡಿನ ಚಾವಣಿಯ ಉದ್ದನೆಯ ಶೆಡ್ ಇದೆ. ಒಳಗೆ ಹೆಣ್ಣುಮಕ್ಕಳು ನೋವು ತಿನ್ನುತ್ತಿದ್ದರೆ ಅವರ ಅಮ್ಮಂದಿರು, ಅತ್ತೆಯರು, ಗಂಡಂದಿರು ಆ ಶೆಡ್ಡಿನ ಬೆಂಚುಗಳ ಮೇಲೆ ಕೂತು ಕಾಯುತ್ತಾರೆ. ಮುಂದಿನ ಬಯಲಿನಲ್ಲಿ ವಾರ್ಡಿನ ಬೆಡ್‌ಶೀಟುಗಳು ಒಣಗುತ್ತವೆ. ಅಮ್ಮ ಇಲ್ಲದ ನಾನು ಶಾಲೆ ಬಿಟ್ಟ ಮೇಲೆ ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಕೆಲಸದ ನಡುವೆ ಬಿಡುವಾದಾಗ ಅಜ್ಜಿ ಹೊರಗೆ ಬಂದು ಕಥೆ ಹೇಳುತ್ತಿದ್ದಳು, ನನಗೆ ಅಂತ ಶುರುಮಾಡಿದರೂ ಶೆಡ್ಡಿಗೆ ಶೆಡ್ಡೇ ಕೇಳುತ್ತಿತ್ತು. ಬಿಳಿ ಬೆಡ್‌ಶೀಟುಗಳ ಸಾಲು ಗಾಳಿಗೆ ಉಬ್ಬಿದಾಗ ನನಗೆ ಅವು ಹಡಗಿನ ಪಟಗಳಂತೆ ಕಾಣುತ್ತಿದ್ದವು. ಈಗಲೂ ಕಾಣುತ್ತವೆ. ನನ್ನ ತಲೆಯಲ್ಲಿ ಅಂಥವೇ ತುಂಬಿರುವುದರಿಂದ ನಾನು ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ.

ಮೂರನೇ ಸಲ ಪಾಸಾಗಿ ಸಾಹೇಬರ ಕಚೇರಿಗೆ ತಾತ್ಕಾಲಿಕ ಟೈಪಿಸ್ಟ್ ಆಗಿ ಸೇರಿದೆ. ಸಾಹೇಬರು ಎಂದರೆ ರಾಜ್ಯದ ನಗರಾಭಿವೃದ್ಧಿ ಮಂತ್ರಿ. ಅವರ ಕಚೇರಿಯನ್ನು ನಡೆಸುತ್ತಿದ್ದವರು ಅವರ ಆಪ್ತ ಕಾರ್ಯದರ್ಶಿ. ಯಾರಿಗೆ ಎಲ್ಲಿ ಉರಿದರೂ ಅಲ್ಲಿ ಮೆತ್ತಗೆ ಸವರಿ ಕಳಿಸುತ್ತಿದ್ದುದರಿಂದ ಇಡೀ ಕಚೇರಿ ಅವರನ್ನು ಹಿಂದಿನಿಂದ ಮುಲಾಮು ಎಂದು ಕರೆಯುತ್ತಿತ್ತು. ಮುಂದಿನಿಂದ ಸರ್.

ನಾನು ಸೇರಿದ ಎರಡನೇ ತಿಂಗಳು ಸಾಹೇಬರು ಮತದಾರರಿಗೆ ಎರಡು ಸಾವಿರ ಶುಭಾಶಯ ಪತ್ರ ಕಳಿಸಬೇಕಾಗಿತ್ತು. ಆರನೇ ಪತ್ರಕ್ಕೆ ಸಹಿ ಹಾಕುವಷ್ಟರಲ್ಲಿ ಅವರ ಮಣಿಕಟ್ಟು ಹಿಡಿದುಕೊಂಡಿತು. ಮುಲಾಮು ಪತ್ರಗಳ ಗುಡ್ಡೆಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, "ಮಗೂ, ನಿನ್ನ ಅಕ್ಷರ ಚೆನ್ನಾಗಿದೆ. ಇದನ್ನೊಂದಿಷ್ಟು ನೀನೇ ಹಾಕಿಬಿಡು, ಯಾರು ನೋಡ್ತಾರೆ?" ಅಂದರು.

ನಾನು ನೋಡಿದೆ. ಸಾಹೇಬರ ಆ ಆರು ಸಹಿಗಳನ್ನು ನೋಡಿ ನನಗೆ ಬೇಜಾರಾಯಿತು. ಯಾರೋ ಸಾಲಾಗಿ ಹೋಗುತ್ತಿದ್ದ ಇರುವೆಗಳನ್ನು ಹೆಬ್ಬೆರಳಿನಿಂದ ಒರೆಸಿದ ಹಾಗಿತ್ತು. ಎರಡು ಸಾವಿರ ಮನೆಗಳಿಗೆ ಸತ್ತ ಇರುವೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲಕ್ಷರವನ್ನು ಸ್ವಲ್ಪ ಎತ್ತರ ಮಾಡಿದೆ, ಕೊನೆಯಕ್ಷರದಿಂದ ಒಂದು ಉದ್ದ ಬಾಲ ಎಳೆದು, ಅದನ್ನು ಹಿಂದಕ್ಕೆ ತಿರುಗಿಸಿ ಇಡೀ ಹೆಸರಿನ ಕೆಳಗೆ ಹಾಯಿಸಿ, ತುದಿಯಲ್ಲಿ ಎರಡು ಚುಕ್ಕಿ ಇಟ್ಟೆ. ಅಜ್ಜಿಯ ಕಥೆಯಲ್ಲಿ ಏಳು ಬೆಟ್ಟ ದಾಟುವ ಹಕ್ಕಿಯೊಂದಿದೆ, ಅದರ ಬಾಲ.

ಸಾಹೇಬರಿಗೆ ಅದು ಹಿಡಿಸಿಬಿಟ್ಟಿತು. ಪತ್ರಿಕೆಯೊಂದರ ವಾರದ ಪುರವಣಿಯಲ್ಲಿ ಸಹಿ ನೋಡಿ ಗುಣ ಹೇಳುವವನೊಬ್ಬ, "ಈ ದಿಟ್ಟ ಗೆರೆ ಹಿಂದಿರುಗಿ ನೋಡದ ಧೀಮಂತನದು, ಆ ಎರಡು ಚುಕ್ಕಿಗಳು ದೀನರ ಮೇಲಿನ ಎರಡು ಕಣ್ಣು" ಎಂದು ಬರೆದ. ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ಬಂದವರಿಗೆ ತೋರಿಸಿ, "ನನಗೆ ಚಿಕ್ಕಂದಿನಿಂದಲೂ ಹೀಗೇ ರೀ, ಕೈ ತಾನಾಗೇ ಹಾರಿಬಿಡುತ್ತೆ" ಅನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಅಲ್ಲ, ಪಾಪ, ನಂಬಿದ್ದರು.

ಶುಭಾಶಯದಿಂದ ಶುರುವಾದದ್ದು ಶಿಫಾರಸು ಪತ್ರಕ್ಕೆ ಬಂತು, ಅಲ್ಲಿಂದ ಕಡತಗಳಿಗೆ, ಅಲ್ಲಿಂದ ಆದೇಶಗಳಿಗೆ. ಒಂದು ದಿನ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಹೋಯಿತು: "ಇನ್ನು ಮುಂದೆ ಮಾನ್ಯ ಮಂತ್ರಿಗಳ ಮಾದರಿ ಸಹಿ ಈ ಕೆಳಕಂಡಂತೆ ಇರುತ್ತದೆ." ಕೆಳಗೆ ಕಂಡದ್ದು ನನ್ನ ಹಕ್ಕಿಬಾಲ. ಎರಡು ವರ್ಷದ ಹಿಂದಿನ ಚುನಾವಣೆಯ ನಾಮಪತ್ರಕ್ಕೂ ನಾನೇ ಹಾಕಿದೆ.

ದಾಖಲೆ ಕೋಣೆಯಲ್ಲಿ, ಎರಡು ಕಬ್ಬಿಣದ ಬೀರುಗಳ ಮರೆಯಲ್ಲಿ ನನ್ನ ಮೇಜು. ಬೆಳಿಗ್ಗೆ ಹತ್ತಕ್ಕೆ ಕಡತಗಳು ಬರುತ್ತಿದ್ದವು. ಸಹಿ ಬೇಕಾದ ಪುಟಗಳಿಗೆ ಮುಲಾಮು ಹಳದಿ ಚೀಟಿ ಅಂಟಿಸಿ, ತಮ್ಮ ಬಾಗಿದ ಅಕ್ಷರದಲ್ಲಿ "ಇಲ್ಲಿ ಹಾಕು ಮಗೂ" ಅಂತಲೋ, "ಇದಕ್ಕೂ ನೀನೇ" ಅಂತಲೋ ಬರೆದು ಕೆಳಗೆ ಪುಟ್ಟ ರುಜು ಗೀಚಿರುತ್ತಿದ್ದರು. ನಾನು ಹಸಿರು ಶಾಯಿಯ ಪೆನ್ನು ಹಿಡಿದು ಹಕ್ಕಿ ಹಾರಿಸುತ್ತ ಕೂರುತ್ತಿದ್ದೆ. ಚೀಟಿಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಬೇಕಾಗಿತ್ತು, ಒಳ್ಳೆ ಬಣ್ಣ ಅಂತ ಕೆಲವನ್ನು ಮನೆಗೆ ತಂದು ಕಥೆ ಪುಸ್ತಕಗಳಲ್ಲಿ ಗುರುತಿಗೆ ಇಟ್ಟುಕೊಂಡೆ. ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲವೇ ಎಂದು ಆಮೇಲೆ ತುಂಬ ಜನ ಕೇಳಿದರು. ನಿಜ ಹೇಳಬೇಕೆಂದರೆ ನಾನು ಏನು ಬರೆದಿದೆ ಅಂತ ಓದುತ್ತಿರಲಿಲ್ಲ. ಬಾಲದ ಬಾಗು ಸರಿ ಬಂತೇ ಎಂದಷ್ಟೇ ನೋಡುತ್ತಿದ್ದೆ. ಇದು ಹೇಳಿಕೊಳ್ಳುವಂಥ ಉತ್ತರವಲ್ಲ, ಆದರೆ ನನ್ನಲ್ಲಿ ಇದ್ದದ್ದು ಇದೇ.

ಹೀಗೆ ನಾಲ್ಕು ವರ್ಷ ಕಳೆಯಿತು.

ಆ ಗುರುವಾರ ಬೆಳಿಗ್ಗೆ ಪತ್ರಿಕೆ ನೋಡಿದ್ದು ಅಜ್ಜಿ. ಟೀ ಲೋಟ ಕೆಳಗಿಟ್ಟು ಕನ್ನಡಕ ಹಣೆಗೇರಿಸಿದಳು, ಮತ್ತೆ ಇಳಿಸಿದಳು.

"ಪುಟ್ಟೀ, ನಮ್ಮ ಶೆಡ್ಡು ಯಾಕೆ ಪೇಪರಲ್ಲಿ ಬಂದಿದೆ?"

ಹೆರಿಗೆ ಆಸ್ಪತ್ರೆಯ ಹಿಂದಿನ ಬಯಲು, ಶೆಡ್ಡು ಸಮೇತ, ಸಾಹೇಬರ ಭಾವಮೈದುನನ ಕಂಪನಿಗೆ ಹೋಗಿತ್ತು. ಅಲ್ಲಿ ಅಂಗಡಿಗಳ ಸಂಕೀರ್ಣ ಮತ್ತು ಕಾರು ನಿಲ್ದಾಣ ಬರುತ್ತದಂತೆ. ಆದೇಶದ ಚಿತ್ರವನ್ನು ಪತ್ರಿಕೆ ಮುಖಪುಟದಲ್ಲೇ ಹಾಕಿತ್ತು.

"ಕಾಯೋ ಜನ ಎಲ್ಲಿ ಕೂರ್ತಾರಂತೆ? ಕಾರಿನ ಮೇಲಾ?" ಅಜ್ಜಿಯ ದನಿ ಮೇಲಕ್ಕೇರಿತು. "ಇವನ ಹೆಂಡತಿ ಹೆತ್ತಾಗ ಇವನೂ ಅಲ್ಲೇ ಕೂತಿದ್ದ ಕಣೇ, ಆಗಿನ್ನೂ ಮಂತ್ರಿ ಆಗಿರಲಿಲ್ಲ. ನನ್ನ ಕೈಯಿಂದಾನೇ ನೀರು ಇಸ್ಕೊಂಡು ಕುಡಿದಿದ್ದಾನೆ!" ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ, "ಇದಕ್ಕೂ ನೀನೇನಾ ಹಾಕಿದ್ದು?" ಅಂದಳು.

ಪತ್ರಿಕೆಯನ್ನು ಕಿತ್ತುಕೊಂಡು ನೋಡಿದೆ. ಬಾಲ ಇರಲಿಲ್ಲ. ಚುಕ್ಕಿ ಇರಲಿಲ್ಲ. ಒರೆಸಿಹೋದ ಇರುವೆಗಳ ಸಾಲು. ನಾಲ್ಕು ವರ್ಷದ ಹಿಂದೆ ಆರು ಪತ್ರಗಳ ಮೇಲೆ ನೋಡಿದ್ದೆ, ಆಮೇಲೆ ಎಲ್ಲೂ ನೋಡಿರಲಿಲ್ಲ. ತಾರೀಖು ಭಾನುವಾರದ್ದು. ಭಾನುವಾರ ಸಾಹೇಬರ ಕೈಗೆ ರಜೆ, ಅಂದರೆ ನನಗೆ ರಜೆ. ಭಾವಮೈದುನನಿಗೆ ಸೋಮವಾರದವರೆಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ಊಟದ ಮೇಜಿನ ಮೇಲೆ ಕಾಗದ ಚಾಚಿದ್ದಾನೆ, ಇವರು ಬಾಯಿ ಒರೆಸಿಕೊಂಡು ಗೀಚಿದ್ದಾರೆ. ನಾಲ್ಕು ವರ್ಷದಲ್ಲಿ ನಮ್ಮ ಸಾಹೇಬರು ಸ್ವಂತ ಕೈಯಿಂದ ಮಾಡಿದ ಒಂದೇ ಒಂದು ಸರ್ಕಾರಿ ಕೆಲಸ ಅದು.

"ನನ್ನದಲ್ಲ ಅಜ್ಜಿ. ಇದು ಅವರದೇ."

"ಹಾಗಾದ್ರೆ ನಿನಗೇನೂ ಇಲ್ಲ, ಟೀ ಕುಡಿ" ಅಂದಳು ಅಜ್ಜಿ.

ಇಬ್ಬರೂ ಎಷ್ಟು ದಡ್ಡರಾಗಿದ್ದೆವು ಅಂತ ನನಗೆ ಕಚೇರಿಗೆ ಹೋದ ಮೇಲೆ ತಿಳಿಯಿತು.

ಅಲ್ಲಿ ಸಾವಿನ ಮನೆಯ ಕಳೆ ಇರುತ್ತದೆ ಅಂದುಕೊಂಡಿದ್ದೆ. ಸಾಹೇಬರು ನಗುತ್ತಿದ್ದರು! ಪತ್ರಿಕೆಯನ್ನು ಚೌಕಟ್ಟಿನ ಪಕ್ಕ ಹಿಡಿದು, "ನೋಡ್ರೀ, ನೋಡ್ರೀ, ಇದು ನನ್ನ ಸಹೀನಾ? ಇದಕ್ಕೆ ಬಾಲ ಎಲ್ಲಿದೆ? ಕಳ್ಳ ನನ್ನ ಮಕ್ಕಳು, ಫೋರ್ಜರಿ ಮಾಡೋಕೂ ಯೋಗ್ಯತೆ ಬೇಕು" ಎಂದು ಕೊಠಡಿ ತುಂಬ ಓಡಾಡುತ್ತಿದ್ದರು. ಅದು ನಾಟಕ ಅಂತ ನಾನು ಅವರ ಮುಖವನ್ನೇ ನೋಡಿದೆ. ನಾಟಕ ಅಲ್ಲವೇ ಅಲ್ಲ. ಆ ಮನುಷ್ಯನಿಗೆ ತನ್ನ ಕೈಬರಹದ ಗುರುತೇ ಸಿಕ್ಕಿರಲಿಲ್ಲ. ಭಾನುವಾರದ ಊಟ ನೆನಪಿತ್ತೋ ಇಲ್ಲವೋ, ಊಟದ ಮಧ್ಯೆ ಗೀಚಿದ್ದು ಖಂಡಿತ ನೆನಪಿರಲಿಲ್ಲ. ಅಂಥವರಿಗೆ ಒಂದು ಬಯಲು ಕೊಡುವುದು ಉಪ್ಪಿನ ಡಬ್ಬಿ ಆಚೆ ತಳ್ಳಿದ ಹಾಗೆ.

ಮಧ್ಯಾಹ್ನ ಪತ್ರಕರ್ತರನ್ನು ಕರೆಸಿದರು. ದೊಡ್ಡ ಹಲಗೆಯೊಂದರ ಮೇಲೆ ನಲವತ್ತು ಆದೇಶಗಳನ್ನು ಅಂಟಿಸಲಾಗಿತ್ತು, ನಲವತ್ತರ ಕೆಳಗೂ ನನ್ನ ಹಕ್ಕಿ. ಸಾಹೇಬರು ಕೋಲು ಹಿಡಿದು ಮೇಷ್ಟರ ಹಾಗೆ ತೋರಿಸಿದರು. "ಇವು ನನ್ನ ಸಹಿ. ಈ ನಲವತ್ತೂ ನಾನೇ, ನನ್ನ ಸ್ವಂತ ಕೈಯಿಂದ, ಎಲ್ಲರ ಎದುರಿಗೆ ಹಾಕಿದ್ದು. ಪೇಪರಲ್ಲಿ ಬಂದಿರೋದು ನನ್ನದು ಅಂತ ಯಾರಾದ್ರೂ ಸಾಬೀತು ಮಾಡಿದ್ರೆ ಆ ಕ್ಷಣಾನೇ ರಾಜಕೀಯ ಬಿಡ್ತೀನಿ. ಬರೆದುಕೊಳ್ಳಿ." ಎಲ್ಲರೂ ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಟೀ ಹಂಚುತ್ತಿದ್ದ ಜವಾನ ನನ್ನನ್ನು ನೋಡಿ ಒಂದು ಕಣ್ಣು ಮಿಟುಕಿಸಿದ. ಕಚೇರಿಯಲ್ಲಿ ಗೊತ್ತಿಲ್ಲದವರು ಯಾರಿದ್ದರು?

ವಿರೋಧ ಪಕ್ಷದವರು ಬಿಡಲಿಲ್ಲ. ತನಿಖೆಗೆ ಸಮಿತಿ ಆಯಿತು, ಅದರ ಮುಖ್ಯಸ್ಥೆ ಒಬ್ಬ ನಿವೃತ್ತ ನ್ಯಾಯಾಧೀಶೆ. ಆಕೆ ಕೇಳಿದ ಮೊದಲ ಪ್ರಶ್ನೆಯೇ, "ಸಹಿ ನಕಲಿ ಅನ್ನೋದಾದ್ರೆ ನಕಲು ಮಾಡಿದವರು ಯಾರು?" ಬುಧವಾರದೊಳಗೆ ಉತ್ತರ ಬೇಕಿತ್ತು.

ಸೋಮವಾರ ಊಟದ ಹೊತ್ತಿಗೆ ಮುಲಾಮು ದಾಖಲೆ ಕೋಣೆಗೆ ಬಂದು ಬಾಗಿಲು ಹಾಕಿದರು. ಕೈಯಲ್ಲಿ ಒಂದು ಹಾಳೆ. ನನ್ನೆದುರಿಗೆ ಸ್ಟೂಲು ಎಳೆದುಕೊಂಡು ಕೂತರು.

"ಊಟ ಆಯ್ತಾ ತಾಯಿ?"

ಮಗು ಹೋಗಿ ತಾಯಿ ಆದೆನಲ್ಲ, ಏನೋ ಕಾದಿದೆ ಅಂತ ಆಗಲೇ ಗೊತ್ತಾಯಿತು.

"ಇದಕ್ಕೊಂದು ಸಹಿ ಮಾಡಿಬಿಡು. ಆ ದರಿದ್ರ ಆದೇಶಕ್ಕೆ ಸಹಿ ಹಾಕಿದ್ದು ನೀನು ಅಂತ. ಯಾರೋ ಏನೋ ಆಸೆ ತೋರಿಸಿದ್ರು, ಚಿಕ್ಕ ವಯಸ್ಸು, ತಪ್ಪಾಗಿ ಹೋಯ್ತು. ಮುಗೀತು."

"ಅದನ್ನ ಹಾಕಿದ್ದು ನಾನಲ್ಲ ಸರ್."

"ನನಗೆ ಗೊತ್ತಿಲ್ವಾ? ನೀನು ಹಾಕಿದ್ರೆ ಇಷ್ಟು ಕೆಟ್ಟದಾಗಿ ಹಾಕ್ತಿದ್ಯಾ?" ನಕ್ಕರು. "ಸಾಹೇಬ್ರು ದೊಡ್ಡ ಮನಸ್ಸು ಮಾಡಿ ನಿನ್ನನ್ನ ಕ್ಷಮಿಸ್ತಾರೆ, ಟೀವೀಲಿ ಕ್ಷಮಿಸ್ತಾರೆ. ಎರಡು ತಿಂಗಳು ಮನೇಲಿರು. ಆಮೇಲೆ ಎಲ್ಲಾದ್ರೂ ಕಾಯಂ ಕೆಲಸ."

"ಜೈಲಿಗೆ ಹಾಕಿದ್ರೆ?"

"ಹಾಕಲ್ಲ. ಹಾಕಿದ್ರೂ ಎಷ್ಟು ದಿನ? ಕಥೆ ಪುಸ್ತಕ ತಂದ್ಕೊಡ್ತೀವಿ, ಓದ್ಕೊಂಡಿರು."

"ಆಗಲ್ಲ ಸರ್."

ಮುಲಾಮು ಒಣಗಿತು. "ಆಗಲ್ವಾ? ಸರಿ. ನಾಲ್ಕು ವರ್ಷದಿಂದ ಮಂತ್ರಿಗಳ ಸಹಿ ಹಾಕ್ಕೊಂಡು ಬಂದಿದ್ದೀಯಲ್ಲ, ಅದೇನು? ಒಂದೊಂದೂ ಫೋರ್ಜರಿ, ಒಂದೊಂದಕ್ಕೂ ಒಂದೊಂದು ಕೇಸು. ನಿಮ್ಮಜ್ಜಿ ಬದುಕಿರೋವಾಗ ಹೊರಗೆ ಬರಲ್ಲ ನೀನು."

"ನೀವೇ ಹಾಕು ಅಂದಿದ್ದು!"

"ಬರವಣಿಗೇಲಿ ಹೇಳಿದ್ನಾ?" ಅಂದರು ಅವರು, ಬಾಗಿಲ ಗಾಜಿನತ್ತ ಬೊಟ್ಟು ಮಾಡುತ್ತ. ಹೊರಗೆ ಪೊಲೀಸಿನವನೊಬ್ಬ ಬೆಂಚಿನ ಮೇಲೆ ಕೂತು ಉಗುರು ನೋಡಿಕೊಳ್ಳುತ್ತಿದ್ದ.

ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ಈ ಕೆಳಗೆ ಸಹಿ ಮಾಡಿರುವ ನಾನು, ಹೆರಿಗೆ ಆಸ್ಪತ್ರೆಯ ಜಾಗದ ಆದೇಶಕ್ಕೆ ನನ್ನ ಸ್ವಂತ ಲಾಭಕ್ಕಾಗಿ, ಯಾರ ಒತ್ತಾಯವೂ ಇಲ್ಲದೆ ಸಹಿ ಹಾಕಿದ್ದೇನೆ. ಇದರಲ್ಲಿ ಕಚೇರಿಯ ಬೇರೆ ಯಾರ ಪಾತ್ರವೂ ಇರುವುದಿಲ್ಲ." ಹೆಸರು ಎಲ್ಲೂ ಟೈಪು ಮಾಡಿರಲಿಲ್ಲ. ಮುಲಾಮು ಮುಂದಾಲೋಚನೆಯ ಮನುಷ್ಯ. ನಾನು ಒಪ್ಪದಿದ್ದರೆ ಜವಾನನಿದ್ದ, ಜವಾನ ಒಪ್ಪದಿದ್ದರೆ ಡ್ರೈವರ್. ಯಾರಿಗಾದರೂ ಹೊಂದುವ ಹಾಗೆ ಹೊಲಿಸಿದ ಅಂಗಿ ಅದು.

ನನ್ನ ಕಣ್ಣು ಮಂಜಾಗಿತ್ತು. ಜೈಲಿನ ಕೋಣೆಯಲ್ಲಿ ಕಿಟಕಿ ಇರುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹಸಿರು ಪೆನ್ನು ಕೈಗೆ ಬಂತು. ಎದುರಿಗೆ ಹಾಳೆ, ಕೆಳಗೆ ಖಾಲಿ ಜಾಗ, ಪಕ್ಕದಲ್ಲಿ ಮುಲಾಮು. ನಾಲ್ಕು ವರ್ಷದಿಂದ ದಿನಾ ಇದ್ದಂತೆಯೇ ಎಲ್ಲವೂ ಇತ್ತು. ಕೈ ತನ್ನ ಪಾಡಿಗೆ ತಾನು ಹೊರಟಿತು. ಎತ್ತರದ ಮೊದಲಕ್ಷರ ಮುಗಿದು ಎರಡನೆಯದಕ್ಕೆ ಬಂದಾಗಲಷ್ಟೇ ನಾನು ಏನು ಬರೆಯುತ್ತಿದ್ದೇನೆ ಅಂತ ನನಗೆ ಕಂಡದ್ದು. ಅದು ನನ್ನ ಹೆಸರಲ್ಲ.

ಅಲ್ಲೇ ನಿಲ್ಲಿಸಬಹುದಿತ್ತು. ಕಾಟು ಹೊಡೆದು, "ತಪ್ಪಾಯ್ತು ಸರ್, ಇನ್ನೊಂದು ಹಾಳೆ ಕೊಡಿ" ಅನ್ನಬಹುದಿತ್ತು. ನಾನು ನಿಲ್ಲಿಸಲಿಲ್ಲ. ಬಾಲ ಎಳೆದೆ, ತಿರುಗಿಸಿದೆ, ಹೆಸರಿನ ಕೆಳಗೆ ಹಾಯಿಸಿದೆ, ಎರಡು ಚುಕ್ಕಿ ಇಟ್ಟೆ. ಅಷ್ಟು ಚೆನ್ನಾದ ಹಕ್ಕಿ ನಾನು ಅದುವರೆಗೂ ಹಾರಿಸಿರಲಿಲ್ಲ.

ಮುಲಾಮು ಹಾಳೆ ತೆಗೆದುಕೊಂಡು ಶಾಯಿ ಆರಲೆಂದು ಉಫ್ ಉಫ್ ಎಂದು ಊದಿದರು. ಸಹಿಯ ಮೇಲೆ ಅವರ ಕಣ್ಣು ಹಾದುಹೋಯಿತು. ದಿನಕ್ಕೆ ಐವತ್ತು ಸಲ ನೋಡಿದ ಗೆರೆ. ಎಲ್ಲ ಕಾಗದದ ಕೆಳಗೂ ಇರಬೇಕಾದದ್ದು ಇದರ ಕೆಳಗೂ ಇತ್ತು. ಮಡಚಿ, ಲಕೋಟೆಗೆ ಹಾಕಿ, ನನ್ನೆದುರಿಗೇ ಅರಗಿನ ಮುದ್ರೆ ಒತ್ತಿದರು. "ಜಾಣೆ" ಅಂದರು. ಮತ್ತೆ ಮಗು ಆದೆ.

ಸಂಜೆ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಮೊದಲು ಬಾಯಿ ತೆರೆದು ಕೂತಳು, ಆಮೇಲೆ ಕೆಮ್ಮು ಬರುವಷ್ಟು ನಕ್ಕಳು. "ಊದಿದ್ನಾ? ಉಫ್ ಅಂತ ಊದಿದ್ನಾ?" ಎಂದು ಮೂರು ಸಲ ಕೇಳಿದಳು. ಕಣ್ಣೊರೆಸಿಕೊಂಡ ಮೇಲೆ ಮುಖ ಗಟ್ಟಿಯಾಯಿತು.

"ನಗು ಇವತ್ತಿಗೆ ಸಾಕು. ಬುಧವಾರ ಅವರು ನಿನ್ನ ಮೇಲೆ ಬೀಳ್ತಾರೆ. ನಿನ್ನ ಹತ್ರ ಏನಿದೆ?"

"ಏನೂ ಇಲ್ಲ ಅಜ್ಜಿ. ಬರವಣಿಗೇಲಿ ಹೇಳಿದ್ನಾ ಅಂತ ಅವರೇ…" ಅನ್ನುತ್ತಿದ್ದ ಹಾಗೇ ನನ್ನ ಮಾತು ನಿಂತಿತು. ಹಾಸಿಗೆಯ ಪಕ್ಕದಲ್ಲಿದ್ದ ಪುಸ್ತಕದಿಂದ ಹಳದಿ ಬಣ್ಣದ ನಾಲಿಗೆಯೊಂದು ಇಣುಕುತ್ತಿತ್ತು.

ಇಬ್ಬರೂ ನೆಲದ ಮೇಲೆ ಕೂತು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಬೆನ್ನು ಹಿಡಿದು ಜಾಡಿಸಿದೆವು. ರಾಕ್ಷಸರ ನಡುವಿನಿಂದ, ರಾಜಕುಮಾರಿಯರ ನಡುವಿನಿಂದ, ಮಾತಾಡುವ ಮರಗಳ ನಡುವಿನಿಂದ ಮುಲಾಮು ಉದುರಿದರು. "ಇಲ್ಲಿ ಹಾಕು ಮಗೂ." "ಇದಕ್ಕೂ ನೀನೇ." "ಸಾಹೇಬ್ರು ಊರಲ್ಲಿಲ್ಲ, ಹಾಕಿ ಕಳಿಸು." ಒಂದರ ಮೇಲಂತೂ, "ಮಾದರಿ ಸಹಿ ಸುತ್ತೋಲೆ – ನಿನ್ನದೇ ಥರ ಹಾಕು, ಸಾಹೇಬ್ರಿಗೆ ಇಷ್ಟ." ಎಲ್ಲದರ ಕೆಳಗೂ ಪುಟ್ಟ ರುಜು.

"ಓದೋದು ವೇಸ್ಟು, ಹೊಟ್ಟೆಗೆ ಹಾಕುತ್ತಾ ಅಂತ ಬೈತಿದ್ನಲ್ಲ ನಾನು" ಅಂದಳು ಅಜ್ಜಿ, ಚೀಟಿಗಳನ್ನು ಜೋಡಿಸುತ್ತ. "ಇನ್ನು ಬೈಯಲ್ಲ."

ಬುಧವಾರ ಹನ್ನೊಂದು ಗಂಟೆ. ಸಮಿತಿಯ ಕೋಣೆಯಲ್ಲಿ ಉದ್ದದ ಮೇಜು, ನೀರಿನ ಲೋಟಗಳು, ಗೋಡೆಗೆ ಒರಗಿಸಿದ ನಲವತ್ತು ಸಹಿಗಳ ಹಲಗೆ. ಸಾಹೇಬರೇ ಅದನ್ನು ಹೆಮ್ಮೆಯಿಂದ ಹೊರಿಸಿಕೊಂಡು ಬಂದಿದ್ದರು. ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ ನಾನು. ನನ್ನತ್ತ ನೋಡಿದಾಗ ಸಾಹೇಬರ ಮುಖದ ಮೇಲೆ ಕ್ಷಮೆ ಆಗಲೇ ತಯಾರಾಗಿತ್ತು.

ನ್ಯಾಯಾಧೀಶೆ ಲಕೋಟೆ ಒಡೆದು ಹಾಳೆಯನ್ನು ಗಟ್ಟಿಯಾಗಿ ಓದಿದರು. ಕೊನೆಗೆ ಬಂದು ನಿಂತರು. ಕನ್ನಡಕದ ಮೇಲಿನಿಂದ ನೋಡಿದರು.

"ಇದು ಯಾರ ಹೇಳಿಕೆ?"

ಮುಲಾಮು ಎದ್ದು ಕೈಕಟ್ಟಿದರು. "ನಮ್ಮ ಕಚೇರಿ ಟೈಪಿಸ್ಟ್ ಹುಡುಗೀದು ಮೇಡಂ. ಪಾಪ, ಬುದ್ಧಿ ಕಮ್ಮಿ. ಸಾಹೇಬ್ರು ಆಗಲೇ ಮನಸಾರೆ ಕ್ಷಮಿಸಿದ್ದಾರೆ."

"ಸಹಿ ಹಾಕಿದ್ದನ್ನ ನೀವು ನೋಡಿದ್ರಾ?"

"ಕಣ್ಣಾರೆ ಮೇಡಂ. ನನ್ನೆದುರಿಗೇ."

"ಹೌದಾ? ಇಲ್ಲಿ ಬಂದು ಇನ್ನೊಂದು ಸಲ ಕಣ್ಣಾರೆ ನೋಡಿ."

ಮುಲಾಮು ಹೋಗಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಅವರ ಕಿವಿಗಳು ಮಾತ್ರ ನಿಧಾನವಾಗಿ ಕೆಂಪಾಗುವುದನ್ನು ನಾನು ಬೆಂಚಿನಿಂದ ನೋಡಿದೆ.

ಹಾಳೆ ಸಾಹೇಬರ ಮುಂದೆ ಬಂತು. "ಇದು ನಿಮ್ಮ ಸಹಿ ಅಲ್ವಾ?" ಎಂದು ನ್ಯಾಯಾಧೀಶೆ ಕೇಳಿದರು.

ಸಾಹೇಬರು ಓದುವ ಅಭ್ಯಾಸ ಇಲ್ಲದವರು. ಬಾಲ ನೋಡಿದ ಕೂಡಲೇ ಮುಖ ಅರಳಿತು. "ಹೌದು ಮೇಡಂ, ನೋಡಿ, ಇದೇ ನನ್ನ ಅಸಲಿ…" ಅಷ್ಟರಲ್ಲಿ ಮುಲಾಮು ಅವರ ತೋಳು ಚಿವುಟಿದರು. ಸಾಹೇಬರು ಮೇಲಿನ ನಾಲ್ಕು ಸಾಲು ಓದಿದರು. ಓದಲು ತುಂಬ ಹೊತ್ತು ಹಿಡಿಯಿತು.

"ಅಲ್ಲ! ಇದು ನನ್ನದಲ್ಲ!"

"ಹಲಗೆ ಮೇಲಿರೋ ನಲವತ್ತು?"

"ಅವು ನನ್ನವು."

"ಇದಕ್ಕೂ ಅದಕ್ಕೂ ವ್ಯತ್ಯಾಸ ತೋರಿಸಿ."

ಸಾಹೇಬರು ಹಲಗೆ ನೋಡಿದರು, ಹಾಳೆ ನೋಡಿದರು, ಮುಲಾಮುವನ್ನು ನೋಡಿದರು. ಮುಲಾಮು ಫ್ಯಾನು ನೋಡುತ್ತಿದ್ದರು.

"ಇದೂ ನಿಮ್ಮದೇ ಆದರೆ ನೀವು ತಪ್ಪೊಪ್ಪಿಕೊಂಡಿದ್ದೀರಿ. ನಿಮ್ಮದಲ್ಲ ಅಂದ್ರೆ ಆ ನಲವತ್ತೂ ನಿಮ್ಮದಲ್ಲ, ನೀವು ಚುನಾವಣೆಗೆ ನಿಂತ ನಾಮಪತ್ರಾನೂ ನಿಮ್ಮದಲ್ಲ. ಯಾವುದು ಬೇಕೋ ಆರಿಸ್ಕೊಳ್ಳಿ" ಅಂದರು ನ್ಯಾಯಾಧೀಶೆ. "ಅವಸರ ಇಲ್ಲ. ಟೀ ತರಿಸ್ತೀನಿ."

ಟೀ ಬಂತು. ಸಾಹೇಬರು ಬೆರಳು ಚಾಚಿ ನನ್ನನ್ನು ತೋರಿಸಿದರು. "ಅವಳೇ ಹಾಕಿದ್ದು! ಎಲ್ಲಾ ಅವಳೇ! ನಾಲ್ಕು ವರ್ಷದಿಂದ ಅವಳೇ ಹಾಕ್ತಾ ಇದ್ದಾಳೆ!"

ಆ ನಲವತ್ತು ಸಹಿಗಳ ಬಗ್ಗೆ ಅವರು ಹೇಳಿದ ಮೊದಲ ನಿಜ ಅದು. ನಾನು ಎದ್ದು ನಿಂತೆ. "ಹೌದು ಮೇಡಂ, ನಾನೇ. ಆಸ್ಪತ್ರೆ ಜಾಗದ ಆದೇಶದ್ದು ಮಾತ್ರ ನನ್ನದಲ್ಲ" ಎಂದು ಹೇಳಿ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟೆ. ನ್ಯಾಯಾಧೀಶೆ ಒಂದೊಂದನ್ನೇ ಓದಿ ಮುಲಾಮುವಿನ ಮುಂದೆ ಸಾಲಾಗಿ ಅಂಟಿಸುತ್ತ ಹೋದರು. "ಬರವಣಿಗೆ ಚೆನ್ನಾಗಿದೆ ನಿಮ್ಮದು" ಅಂದರು.

ಸಮಿತಿಯಲ್ಲಿ ಕೈಬರಹದ ತಜ್ಞರೊಬ್ಬರಿದ್ದರು, ಅದುವರೆಗೂ ಬಾಯಿ ತೆರೆಯದ ಸಣಕಲು ಮನುಷ್ಯ. ಅವರು ಸಾಹೇಬರಿಗೆ ಖಾಲಿ ಹಾಳೆ ಕೊಟ್ಟು, "ನಿಮ್ಮ ಸಹಿ, ಇಪ್ಪತ್ತು ಸಲ. ಬೇಗ ಬೇಗ, ನಿಲ್ಲಿಸಬಾರದು" ಅಂದರು. ಸಾಹೇಬರು ಬಾಲದಿಂದ ಶುರುಮಾಡಿದರು. ಮೊದಲನೆಯದು ಹಲ್ಲಿಯಾಯಿತು. ಎರಡನೆಯದರ ಬಾಲ ಮೇಜಿನ ಬಟ್ಟೆಗೆ ಹೋಯಿತು. ನಾಲ್ಕನೆಯದರಲ್ಲಿ ಚುಕ್ಕಿ ಮರೆತರು. "ಬೇಗ, ಬೇಗ" ಎನ್ನುತ್ತಿದ್ದರು ತಜ್ಞರು. ಎಷ್ಟು ಹೊತ್ತು ಅಂತ ಒಂದು ಕೈ ಬೇರೆಯವರ ಕೈಯಂತೆ ನಡೆದೀತು? ಒಂಬತ್ತನೆಯದಕ್ಕೆ ಬಾಲ ಬಿದ್ದುಹೋಯಿತು. ಹನ್ನೆರಡಕ್ಕೆ ಇರುವೆಗಳು ಬಂದವು. ಇಪ್ಪತ್ತನೆಯದನ್ನು ಆ ಭಾನುವಾರದ ಆದೇಶದ ಪಕ್ಕ ಇಟ್ಟಾಗ ಯಾವುದು ಯಾವುದು ಎಂದು ಹೇಳಲು ತಜ್ಞರು ಬೇಕಿರಲಿಲ್ಲ. ಸಾಹೇಬರು ಅದನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಊಟದ ಮೇಜು ನೆನಪಾದದ್ದು ಆಗ ಎಂದು ನನಗೆ ಅನ್ನಿಸುತ್ತದೆ.

ಮುಲಾಮುವನ್ನು ಆ ದಿನವೇ ಅಮಾನತು ಮಾಡಿದರು. ಆಸ್ಪತ್ರೆಯ ಆದೇಶ ರದ್ದಾಯಿತು. ಸಮಿತಿ ನನ್ನ ಮೇಲೆ ಕೇಸು ಬೇಡ ಅಂದಿತು, ಕೆಲಸ ಮಾತ್ರ ಹೋಯಿತು. ಹೋಗಬೇಕಾದದ್ದೇ.

ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಮುಲಾಮು. ಕಂಕುಳಲ್ಲಿ ಕಡತ, ಅಂಗಿ ಇಸ್ತ್ರಿ ಕಂಡಿರಲಿಲ್ಲ. ಅಮಾನತಾದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ.

"ತಾಯಿ, ಕೊನೇ ಒಂದು ಉಪಕಾರ. ಸಾಹೇಬ್ರು ರಾಜೀನಾಮೆ ಕೊಡ್ತಿದ್ದಾರೆ. ನೈತಿಕ ಹೊಣೆ ಹೊತ್ತು ತಾವಾಗೇ ಬಿಡ್ತಿದ್ದಾರೆ ಅಂತ. ಆದ್ರೆ ದಾಖಲೇಲಿ ಇರೋ ಮಾದರಿ ಸಹಿ ನಿನ್ನದು. ಒಂದೇ ಒಂದು ಹಾಕಿಕೊಟ್ಟುಬಿಡು."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಜ್ಜಿ ಕೂಗಿದಳು. "ಯಾರೇ ಅದು? ಉಫ್ ಅಂತ ಊದೋರಾ?"

"ಅಮ್ಮಾ, ನೀವಾದ್ರೂ ಹೇಳಿ…"

"ಹೇಳ್ತೀನಲ್ಲ. ನಿಮ್ಮ ಸಾಹೇಬ್ರು ಬೇಕಾದ್ರೆ ಅಳೋದಕ್ಕೂ ಒಬ್ಬರನ್ನ ಇಟ್ಕೊಳ್ಳಲಿ. ನನ್ನ ಮೊಮ್ಮಗಳು ಮಾತ್ರ ಸಿಗಲ್ಲ. ಬಾಗಿಲು ಹಾಕು ಪುಟ್ಟೀ, ಗಾಳಿ ಬರ್ತಿದೆ."

ಸಾಹೇಬರು ರಾಜೀನಾಮೆಗೆ ತಾವೇ ಸಹಿ ಹಾಕಿ ಕಳಿಸಿದರು. ಎರಡು ದಿನದಲ್ಲಿ ಅದು ಮುಖ್ಯಮಂತ್ರಿಗಳ ಕಚೇರಿಯಿಂದ ವಾಪಸು ಬಂತು: "ಸಹಿಯು ದಾಖಲೆಯಲ್ಲಿರುವ ಮಾದರಿಗೆ ಹೊಂದದ ಕಾರಣ ಹಿಂದಿರುಗಿಸಲಾಗಿದೆ." ಮಾದರಿ ಬದಲಿಸಲು ಅರ್ಜಿ ಹಾಕಿದರು. ಅರ್ಜಿಯ ಸಹಿಯೂ ಹೊಂದಲಿಲ್ಲ. ಮೂರನೇ ಸಲ ಕಳಿಸುವಷ್ಟರಲ್ಲಿ ಅವರನ್ನು ವಜಾ ಮಾಡಿದ ಸುದ್ದಿ ಟೀವಿಯಲ್ಲಿ ಬಂತು. ತಾವಾಗಿಯೇ ಬಿಟ್ಟೆ ಅನ್ನುವ ಭಾಗ್ಯವೂ ಅವರ ಕೈಗೆ ದಕ್ಕಲಿಲ್ಲ. ಎರಡೇ ತಿಂಗಳಲ್ಲಿ ಅವರ ಹೆಸರನ್ನೂ ಚಿತ್ರವನ್ನೂ ಪಕ್ಷದ ಗೋಡೆಗಳ ಮೇಲೆ ಬಿಳಿ ಬಣ್ಣ ಬಳಿದು ಅಳಿಸಿದರು. ಬಳಿದವರು ಯಾರೋ ಸೋಮಾರಿಗಳು, ಒಂದು ಗೋಡೆಯ ಮೇಲೆ ಬೀಸುವ ಕೈಯೊಂದನ್ನು ಹಾಗೇ ಬಿಟ್ಟಿದ್ದಾರೆ.

ಈಗ ನಾನು ಶೆಡ್ಡಿನಲ್ಲಿ ಕೂರುತ್ತೇನೆ. ಆಸ್ಪತ್ರೆಯ ಅರ್ಜಿಗಳನ್ನು ತುಂಬಲು ಬಾರದವರಿಗೆ ತುಂಬಿಕೊಡುತ್ತೇನೆ. ಅಜ್ಜಿಯೂ ಬರುತ್ತಾಳೆ, ಬಂದು ಸುಮ್ಮನಿರುವವಳಲ್ಲ. ಮೊನ್ನೆ ಸೋಮಾರಿ ರಾಜನಿಗೆ ಹೊಸ ಕೊನೆ ಬಂತು: ರಾಜ ಒಂದು ಸಂಜೆ ತಿರುಗಾಡಿ ವಾಪಸು ಬಂದಾಗ ಅರಮನೆಯ ಬಾಗಿಲು ಕಾಯುವವನು, "ಯಾರು ನೀನು?" ಎಂದನಂತೆ. ರಾಜ ನಕ್ಕು ತೋರಿಸಿದ. ಇದು ನಮ್ಮ ರಾಜನ ನಗು ಅಲ್ಲ ಅಂದರು. ಆಕಳಿಸಿ ತೋರಿಸಿದ; ಆಕಳಿಕೆಯೂ ಅಲ್ಲ ಅಂದರು. ರಾಣಿಯನ್ನು ಕರೆಸಿದರು. ಅವಳು ಬಂದು ಮೇಲಿನಿಂದ ಕೆಳಗೆ ನೋಡಿ, ಈ ಮನುಷ್ಯನ ಜೊತೆ ನಾನು ಯಾವತ್ತೂ ಜಗಳ ಆಡಿದ ನೆನಪಿಲ್ಲ ಅಂದಳಂತೆ. ಬೆಂಚುಗಳ ಮೇಲಿನ ಅತ್ತೆಯರು ನಕ್ಕು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನನ್ನೆದುರಿಗೆ ಒಬ್ಬ ಮುದುಕ ಕೂತಿದ್ದ, ಒಳಗೆ ಮಗಳಿಗೆ ನೋವು ಶುರುವಾಗಿತ್ತು. ಅರ್ಜಿ ತುಂಬಿ ಮುಗಿಸಿ, ಕೊನೆಯ ಗೆರೆಯ ಮೇಲೆ ಬೆರಳಿಟ್ಟು ಪೆನ್ನನ್ನು ಅವನತ್ತ ಚಾಚಿದೆ.

"ನೀನೇ ಹಾಕಿಬಿಡಮ್ಮ" ಅಂದ. "ನನ್ನ ಕೈ ನಡುಗುತ್ತೆ."

"ನಡುಗಲಿ ಬಿಡಿ ತಾತ" ಅಂದೆ. "ನಿಮ್ಮದೇ ತಾನೆ."